ಹಿರಿಯರಿಂದ ಬಂದ ದುಡ್ಡಿಗೆ ಎರಡು ವರ್ಷ ಓಡಿದ ಎಂ340ಐ

ದಾರಿಯಲ್ಲಿ ಹೋಗುವವರಿಗೆ ಬಿಎಂಡಬ್ಲ್ಯು ಎಂ340ಐ ಇನ್ನೊಂದು 3 ಸೀರೀಸ್ ಅಷ್ಟೇ. ಬಾನೆಟ್ ಕೆಳಗಿನ ಕಥೆ ಬೇರೆ. ಅಲ್ಲಿರುವುದು ಆರು ಸಿಲಿಂಡರ್ ಒಂದೇ ಸಾಲಿನಲ್ಲಿ ನಿಂತ ಮೂರು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, ಮೆಕ್ಯಾನಿಕ್‌ಗಳು ಬಿ58 ಎಂದು ಕರೆಯುವುದು. 2021ರ ಮಾರ್ಚ್‌ನಲ್ಲಿ 62.90 ಲಕ್ಷ ಎಕ್ಸ್-ಶೋರೂಂ ಬೆಲೆಗೆ ಬಂದಾಗ ಅದರ ಶಕ್ತಿ 387 ಎಚ್‌ಪಿ, ಟಾರ್ಕ್ 500 ಎನ್‌ಎಂ. 2022ರ ಡಿಸೆಂಬರ್‌ನಲ್ಲಿ ಬಂದ ಫೇಸ್‌ಲಿಫ್ಟ್, ಅಂದರೆ ಅಲ್ಲಲ್ಲಿ ಹೊಸರೂಪ ಪಡೆದ ಗಾಡಿಯ ಬೆಲೆ 69.20 ಲಕ್ಷಕ್ಕೆ ಏರಿತು, ಶಕ್ತಿ 374 ಎಚ್‌ಪಿಗೆ ಇಳಿಯಿತು, ಟಾರ್ಕ್ ಮಾತ್ರ ಅಷ್ಟೇ ಉಳಿಯಿತು. ಕಾಗದದ ಮೇಲಿನ ಈ 13 ಎಚ್‌ಪಿ ವ್ಯತ್ಯಾಸ ರಸ್ತೆಯಲ್ಲಿ ಯಾರ ಕಾಲಿಗೂ ತಿಳಿಯುವುದಿಲ್ಲ. ಎರಡೂ ಚೆನ್ನೈ ಕಾರ್ಖಾನೆಯಲ್ಲಿ ಜೋಡಣೆಯಾದವು.

ಅಪ್ಪನ ಸೈಟು ಮಾರಿದ ದುಡ್ಡೋ ಅಜ್ಜಿಯ ಎಫ್‌ಡಿಯೋ ಕೈಗೆ ಬಂದಾಗ ಒಮ್ಮೆಯಾದರೂ ಒಳ್ಳೆಯ ಗಾಡಿ ಓಡಿಸಬೇಕು ಎಂದುಕೊಳ್ಳುವವರು ಹೆಚ್ಚಾಗಿ ಬಂದು ನಿಲ್ಲುವುದು ಈ ಕಾರಿನ ಮುಂದೆ. ಆ ಆಸೆಯಲ್ಲಿ ತಪ್ಪೇನೂ ಇಲ್ಲ, ಕಾರಿನ ಆಯ್ಕೆಯೂ ಸರಿಯೇ. ಆದರೆ ಹೊಸದು ಬೇಡ. ಕರ್ನಾಟಕದಲ್ಲೇ ನೋಂದಣಿಯಾದ, ಒಬ್ಬನೇ ಓನರ್ ಓಡಿಸಿದ, ಎರಡು ಮೂರು ವರ್ಷದ ಗಾಡಿಯೇ ಇಲ್ಲಿ ಸರಿಯಾದ ಖರೀದಿ. ಅದಕ್ಕೆ ಮುಖ್ಯ ಕಾರಣ ನಮ್ಮ ರಾಜ್ಯದ ರಸ್ತೆ ತೆರಿಗೆ.

20 ಲಕ್ಷ ಮೀರಿದ ಕಾರಿಗೆ ಕರ್ನಾಟಕ ಜೀವಾವಧಿ ತೆರಿಗೆಯಾಗಿ ಶೇ 18 ಕಟ್ಟಿಸಿಕೊಳ್ಳುತ್ತದೆ, ಆ ತೆರಿಗೆಯ ಮೇಲೆ ಸೆಸ್ ಬೇರೆ. 69.20 ಲಕ್ಷದ ಗಾಡಿಗೆ ತೆರಿಗೆಯೇ 12.45 ಲಕ್ಷ. ಸೆಸ್, ವಿಮೆ ಸೇರಿದರೆ ಬೆಂಗಳೂರಿನಲ್ಲಿ ಆನ್-ರೋಡ್ ಲೆಕ್ಕ 85 ಲಕ್ಷ ದಾಟುತ್ತಿತ್ತು. ಮೊದಲ ಓನರ್ ಕಟ್ಟಿದ ಈ ತೆರಿಗೆ ಗಾಡಿಯ ಜೊತೆಗೇ ಉಳಿಯುತ್ತದೆ, ಎರಡನೆಯವನು ಮತ್ತೆ ಕಟ್ಟಬೇಕಿಲ್ಲ. ಮಾರುವಾಗ ಮೊದಲನೆಯವನಿಗೆ ಅದು ಪೂರ್ತಿ ವಾಪಸ್ ಬರುವುದೂ ಇಲ್ಲ. ನಿಮಗೆ ಲಾಭವಾಗುವುದು ಅಲ್ಲೇ.

ದೆಹಲಿ, ಹರಿಯಾಣದ ಗಾಡಿ ಐದಾರು ಲಕ್ಷ ಕಡಿಮೆಗೆ ಸಿಗುತ್ತದೆ ಎಂದು ಆಸೆ ತೋರಿಸುವವರು ಇದ್ದೇ ಇರುತ್ತಾರೆ. ಆ ಗಾಡಿಯನ್ನು ಇಲ್ಲಿ ಮರುನೋಂದಣಿ ಮಾಡಿಸುವಾಗ ವಯಸ್ಸಿಗೆ ತಕ್ಕ ರಿಯಾಯಿತಿ ಹೋಗಿಯೂ ತೆರಿಗೆಯ ಬಹುಪಾಲನ್ನು ಕಟ್ಟಲೇಬೇಕು. ಕಟ್ಟಿದ್ದಾಯಿತು ಎನ್ನುವ ಹೊತ್ತಿಗೆ ಉಳಿಸಿದ್ದು ಕರಗಿ, ಮೇಲಿಂದ ಇನ್ನಷ್ಟು ಕೈಬಿಟ್ಟಿರುತ್ತದೆ. ಪುದುಚೇರಿ ನಂಬರ್ ಪ್ಲೇಟಿನ ಗಾಡಿಯನ್ನು ನೋಡಲೂ ಹೋಗಬೇಡಿ. ತೆರಿಗೆ ತಪ್ಪಿಸಲೆಂದೇ ಅಲ್ಲಿ ನೋಂದಣಿಯಾದ ದುಬಾರಿ ಗಾಡಿಗಳ ಮೇಲೆ ಇಲ್ಲಿನ ಸಾರಿಗೆ ಇಲಾಖೆ ಹಲವು ಸಲ ಕಾರ್ಯಾಚರಣೆ ಮಾಡಿದೆ.

ಬೆಲೆ ಮಾತಾಡುವಾಗ ಇನ್ನೊಂದು ವಿಷಯ ತಲೆಯಲ್ಲಿರಲಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಜಿಎಸ್‌ಟಿ ಶೇ 40 ಆಯಿತು, ಅದರ ಮೇಲಿದ್ದ ಪರಿಹಾರ ಸೆಸ್ ಹೋಯಿತು. ಒಟ್ಟು ತೆರಿಗೆ ಇಳಿದು ಹೊಸ ಗಾಡಿಗಳ ಬೆಲೆಯೂ ತಗ್ಗಿತು. ಆದರೂ ಹಲವು ಮಾರಾಟಗಾರರು ತಾವು ಅಂದು ಕೊಟ್ಟ ಆನ್-ರೋಡ್ ಮೊತ್ತವನ್ನೇ ಹಿಡಿದು ಇಷ್ಟು ಇಳಿಸಿದ್ದೇವೆ ಎನ್ನುತ್ತಾರೆ. ನೀವು ಇಂದಿನ ಹೊಸ ಗಾಡಿಯ ಎಕ್ಸ್-ಶೋರೂಂ ಬೆಲೆಯಿಂದ ಲೆಕ್ಕ ಶುರು ಮಾಡಿ.

ಅದಕ್ಕೂ ಮೊದಲು ದುಡ್ಡಿನ ಮಾತು. ಆನುವಂಶಿಕವಾಗಿ ಬಂದ ಹಣಕ್ಕೆ ನಮ್ಮಲ್ಲಿ ತೆರಿಗೆ ಇಲ್ಲ, ತೀರಿಹೋದವರ ಆಸ್ತಿಯ ಮೇಲೆ ಬೀಳುತ್ತಿದ್ದ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಯಿತು. ಆದರೆ ಬಂದ ಆಸ್ತಿಯನ್ನು ಮಾರಿದರೆ ಲಾಭದ ಮೇಲೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಇದೆ. ಹಿರಿಯರು ಕೊಂಡ ಬೆಲೆಯೇ ನಿಮ್ಮ ಕೊಂಡ ಬೆಲೆ, ಅವರು ಇಟ್ಟುಕೊಂಡಿದ್ದ ವರ್ಷಗಳೂ ನಿಮ್ಮ ಲೆಕ್ಕಕ್ಕೆ ಸೇರುತ್ತವೆ. 2001ಕ್ಕಿಂತ ಹಿಂದೆ ಕೊಂಡ ಸೈಟಾದರೆ ಆ ವರ್ಷದ ಏಪ್ರಿಲ್ 1ರ ಮಾರುಕಟ್ಟೆ ಮೌಲ್ಯವನ್ನು ಹಿಡಿಯಬಹುದು. 2024ರ ಜುಲೈ 23ಕ್ಕೆ ಮೊದಲು ಬಂದ ಮನೆ-ಜಾಗಕ್ಕೆ ಇಂಡೆಕ್ಸೇಶನ್ (ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸುವುದು) ಇಲ್ಲದೆ ಶೇ 12.5 ಅಥವಾ ಇಂಡೆಕ್ಸೇಶನ್ ಜೊತೆ ಶೇ 20, ಇವೆರಡರಲ್ಲಿ ಕಡಿಮೆ ಬರುವುದನ್ನು ಇಲ್ಲಿನ ನಿವಾಸಿಗಳು ಆಯ್ದುಕೊಳ್ಳಬಹುದು. ಮನೆ ಕೊಂಡು ಈ ತೆರಿಗೆ ಉಳಿಸುವ ದಾರಿಗಳಿವೆ, ಕಾರು ಕೊಂಡು ಉಳಿಸುವ ದಾರಿ ಇಲ್ಲ. ಹಾಗಾಗಿ ತೆರಿಗೆಯ ಮೊತ್ತವನ್ನು ಮೊದಲೇ ಬೇರೆ ಖಾತೆಗೆ ಹಾಕಿ, ಉಳಿದದ್ದನ್ನಷ್ಟೇ ನಿಮ್ಮದೆಂದು ಎಣಿಸಿ.

ಬ್ಯಾಂಕಿನಲ್ಲಿ ನಾಮಿನಿ ಆಗಿದ್ದ ಮಾತ್ರಕ್ಕೆ ಹಣ ನಿಮ್ಮದಾಗದು. ನಾಮಿನಿ ಹಣ ಪಡೆದು ವಾರಸುದಾರರಿಗೆ ಒಪ್ಪಿಸಬೇಕಾದವನು. ಅಕ್ಕ ತಂಗಿಯರ ಪಾಲು ಇತ್ಯರ್ಥವಾಗುವ ಮೊದಲೇ ಟೋಕನ್ ಕೊಟ್ಟು, ಆಮೇಲೆ ಗಾಡಿ ಮಾರಿ ಪಾಲು ಕೊಡುವ ಸ್ಥಿತಿ ಬಂದರೆ ಕೈಗೆ ಹತ್ತುವ ನಷ್ಟ ಲಕ್ಷಗಳಲ್ಲಿರುತ್ತದೆ.

ಈಗ ಕಾರಿಗೆಷ್ಟು? ಎಲ್ಲ ಕಳೆದು ಒಂದು ಕೋಟಿ ಉಳಿದಿದೆ, ಗಾಡಿಗೆ 52 ಲಕ್ಷ ಎಂದಿಟ್ಟುಕೊಳ್ಳಿ. ಅದರ ಜೊತೆಗೆ ಐದು ವರ್ಷದ ಖರ್ಚನ್ನೂ ಅದೇ ದಿನ ಎಫ್‌ಡಿಗೆ ಹಾಕಬೇಕು. ವರ್ಷಕ್ಕೆ 10,000 ಕಿ.ಮೀ. ಓಡಿಸಿದರೆ, ಲೀಟರಿಗೆ ಸರಾಸರಿ 8 ಕಿ.ಮೀ.ಯಂತೆ 1,250 ಲೀಟರ್ ಪೆಟ್ರೋಲ್. ಕಂಪನಿ ಹೇಳುವ 13 ಕಿ.ಮೀ. ಸಿಲ್ಕ್ ಬೋರ್ಡ್ ಕಡೆಯಿಂದ ಮನೆಗೆ ಹೋಗುವವರಿಗೆ ಸಿಗದು, ಅಲ್ಲಿ ಐದಾರು ಬಂದರೆ ಹೆಚ್ಚು. ಪೆಟ್ರೋಲಿಗೆ ಸುಮಾರು 1.3 ಲಕ್ಷ, ವಿಮೆಗೆ ಒಂದರಿಂದ ಒಂದೂವರೆ ಲಕ್ಷ, ಸರ್ವಿಸ್‌ಗೆ ಅಷ್ಟೇ. ಟೈರ್ ಒಂದು ಸೆಟ್‌ಗೆ ಲಕ್ಷದ ಆಸುಪಾಸು, ಅದು ಐದು ವರ್ಷದಲ್ಲಿ ಎರಡು ಸಲ. ಬ್ರೇಕ್ ಡಿಸ್ಕ್, ಪ್ಯಾಡ್ ಒಂದು ಸಲ. ಹಳ್ಳಕ್ಕೆ ಬಿದ್ದು ಬಾಗಿದ ಅಲಾಯ್ ಚಕ್ರಕ್ಕೆ ಒಂದಷ್ಟು. ಒಟ್ಟು 22ರಿಂದ 25 ಲಕ್ಷ. ಅಂದರೆ 52 ಲಕ್ಷದ ಗಾಡಿ ನಿಜವಾಗಿ ಕೇಳುವುದು ಮುಕ್ಕಾಲು ಕೋಟಿಯ ಆಸುಪಾಸು. ನಿಮಗೆ ಇದೇ ಪೂರ್ತಿ ಉಳಿತಾಯವಾಗಿದ್ದರೆ ಈ ಕಾರು ಬೇಡ. ಮನೆ, ಮಕ್ಕಳ ಓದು ಬೇರೆ ದುಡ್ಡಿನಲ್ಲಿ ಸಾಗುತ್ತಿದ್ದರೆ ಧೈರ್ಯವಾಗಿ ಮುಂದುವರಿಯಿರಿ.

ಓಡಿಸಲು ಹೇಗಿದೆ ಎಂಬ ಪ್ರಶ್ನೆಗೆ ಉತ್ತರ ಚಾರ್ಮಾಡಿಯಂಥ ಘಾಟಿಯಲ್ಲಿದೆ. ಸುಮಾರು 1,900 ಆರ್‌ಪಿಎಂ ಹೊತ್ತಿಗೇ ಪೂರ್ತಿ ಟಾರ್ಕ್ ಸಿಗುವುದರಿಂದ ತಿರುವಿನಿಂದ ಹೊರಬರುವಾಗ ಗೇರ್ ಇಳಿಸುವ ಆತುರವೇ ಬೇಡ. ಮೇಲೆ ಹೋದಂತೆ ದನಿ ಗಟ್ಟಿಯಾಗುತ್ತ ಏರುವ ಪರಿ ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಕೇಳಸಿಗದು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೂ ಒಲವು ಹಿಂದಿನ ಚಕ್ರಗಳ ಕಡೆಗೆ, ಜೊತೆಗೆ ಹಿಂದಿನ ಎರಡು ಚಕ್ರಗಳ ನಡುವೆ ಶಕ್ತಿ ಹಂಚುವ ಎಲೆಕ್ಟ್ರಾನಿಕ್ ಡಿಫರೆನ್ಷಿಯಲ್ ಇದೆ. ಮಳೆಗಾಲದ ಒದ್ದೆ ಘಾಟಿಯಲ್ಲಿ ಇಷ್ಟು ಶಕ್ತಿಯ ಗಾಡಿ ಇಷ್ಟು ನಿಶ್ಚಿಂತೆಯಿಂದ ಹತ್ತುವುದು ಇದೇ ಕಾರಣಕ್ಕೆ. ಎಂಟು ಗೇರಿನ ಜೆಡ್‌ಎಫ್ ಗೇರ್‌ಬಾಕ್ಸ್ ಟ್ರಾಫಿಕ್ಕಿನಲ್ಲಿ ನಯ, ಬೇಕೆಂದಾಗ ಚುರುಕು. ಸ್ಟೀರಿಂಗ್ ನಿಖರವಾಗಿದೆ, ಆದರೆ ರಸ್ತೆಯ ಸುದ್ದಿಯನ್ನು ಕೈಗೆ ಅಷ್ಟಾಗಿ ತಲುಪಿಸದು. ಹಿಂದಿನ ಸೀಟಿನ ನಡುವೆ ನೆಲದಲ್ಲಿ ಎತ್ತರದ ಉಬ್ಬು ಇರುವುದರಿಂದ ಅಲ್ಲಿ ಇಬ್ಬರಿಗೇ ಸುಖ. ಬಡಾವಣೆಯ ಲೆಕ್ಕಾಚಾರವಿಲ್ಲದ ಹಂಪುಗಳನ್ನು ಓರೆಯಾಗಿ ಹತ್ತಿಸಬೇಕಾಗುತ್ತದೆ.

2022ರ ಡಿಸೆಂಬರ್‌ಗೆ ಮುಂಚಿನ ಗಾಡಿಯಲ್ಲಿ ಎಸಿಗೆ ನಿಜವಾದ ಬಟನ್‌ಗಳು, ಹಿಡಿದು ಬದಲಿಸುವ ಗೇರ್ ಲಿವರ್ ಇವೆ. ಫೇಸ್‌ಲಿಫ್ಟ್‌ನಲ್ಲಿ ಬಾಗಿದ ದೊಡ್ಡ ಪರದೆ ಬಂದು ಎಸಿ ಅದರೊಳಗೆ ಹೋಯಿತು. ಓಡಿಸುವವರ ಕೈಗೆ ಹಳೆಯದೇ ಸಲೀಸು. ಆದರೂ ನನ್ನ ಮತ 2023-24ರ ಗಾಡಿಗೆ, ವಯಸ್ಸು ಕಡಿಮೆ ಎನ್ನುವ ಒಂದೇ ಕಾರಣಕ್ಕೆ.

ಗಾಡಿ ನೋಡಲು ಹೋಗುವ ಹಿಂದಿನ ರಾತ್ರಿಯೇ ಮಾರುವವರಿಗೆ ಹೇಳಿ, ಬೆಳಗ್ಗೆ ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ. ತಣ್ಣಗಿದ್ದ ಎಂಜಿನ್ ಶುರುವಾದಾಗ ಕೆಲವು ಕ್ಷಣ ಗಡಸು ಸದ್ದು ಸಹಜ, ಎಕ್ಸಾಸ್ಟ್ ಬಿಸಿಯಾಗಲು ಅದು ಹಾಗೆ ಮಾಡುತ್ತದೆ. ಲೋಹ ಲೋಹಕ್ಕೆ ತಾಗುವ ಗಲಗಲ ಸದ್ದು ಉಳಿದುಕೊಂಡರೆ ಟೈಮಿಂಗ್ ಚೈನಿನ ಅನುಮಾನ ಬರಬೇಕು. ಈ ಎಂಜಿನ್ನಿನಲ್ಲಿ ಚೈನ್ ಇರುವುದು ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆಗೆ. ಅಲ್ಲಿ ಕೈ ಹಾಕಬೇಕೆಂದರೆ ಗೇರ್‌ಬಾಕ್ಸೇ ಇಳಿಯಬೇಕು. ಸದ್ದು ಅಪರೂಪ, ಆದರೆ ಇದ್ದರೆ ಚೌಕಾಶಿ ಬೇಡ, ಎದ್ದು ಬನ್ನಿ.

ಆಯಿಲ್ ನೋಡಲು ಡಿಪ್‌ಸ್ಟಿಕ್ ಹುಡುಕಬೇಡಿ, ಅದಿಲ್ಲ. ಎಂಜಿನ್ ಬಿಸಿಯಾದ ಮೇಲೆ ಪರದೆಯಲ್ಲೇ ಅಳತೆ ಬರುತ್ತದೆ. ಕೂಲೆಂಟ್‌ಗೆ ಎರಡು ಪ್ರತ್ಯೇಕ ಸುತ್ತುಗಳಿವೆ, ಒಂದು ಎಂಜಿನ್ನಿಗೆ, ಇನ್ನೊಂದು ಟರ್ಬೊ ಗಾಳಿ ತಂಪು ಮಾಡಲು. ಎರಡರ ಮಟ್ಟವನ್ನೂ ನೋಡಿ. ಬಿ58 ಗಟ್ಟಿ ಎಂಜಿನ್, ಅದರ ದೌರ್ಬಲ್ಯ ಸುತ್ತಲಿನ ಪ್ಲಾಸ್ಟಿಕ್ಕಿನಲ್ಲಿದೆ. ಆಯಿಲ್ ಫಿಲ್ಟರ್ ಹೌಸಿಂಗ್ ಬಿಸಿ-ತಂಪಿನ ಓಡಾಟಕ್ಕೆ ಬಿರುಕು ಬಿಟ್ಟು ಆಯಿಲ್ಲೋ ಕೂಲೆಂಟೋ ಒಸರುವುದು ವಯಸ್ಸಾದ ಗಾಡಿಗಳಲ್ಲಿ ಕಾಣಿಸುತ್ತದೆ. ಟಾರ್ಚ್ ಹಿಡಿದು ಆ ಭಾಗದ ಸುತ್ತ ಜಿಗುಟು, ಒಣಗಿದ ಬಿಳಿ ಕಲೆ ಇದೆಯೇ ಎಂದು ನೋಡಿ.

ಇನ್ನು ಟೈರ್. ಎಲ್ಲರೂ ಮೇಲೆ ಮೇಲೆ ನೋಡಿ ಬಿಡುವ, ಆದರೆ ಈ ಕಾರಿನಲ್ಲಿ ಅತಿ ದುಬಾರಿ ಪಾಠ ಕಲಿಸುವ ಭಾಗ ಇದು. ಹಿಂದಿನ ಟೈರ್‌ಗಳು ಮುಂದಿನವಕ್ಕಿಂತ ಅಗಲ, ಹಾಗಾಗಿ ಹಿಂದೆ ಮುಂದೆ ಬದಲಿಸಲಾಗದು, ಹಿಂದಿನವು ಬೇಗ ಸವೆಯುತ್ತವೆ. ಸವೆದ ಟೈರಿನ ಸುತ್ತಳತೆ ಕಿರಿದಾಗುತ್ತದೆ. ಮುಂದಿನ, ಹಿಂದಿನ ಚಕ್ರಗಳು ಒಂದೇ ದೂರಕ್ಕೆ ಬೇರೆ ಬೇರೆ ಸುತ್ತು ತಿರುಗಿದಾಗ ಇವೆರಡಕ್ಕೂ ಶಕ್ತಿ ಹಂಚುವ, ನಡುವಿನ ಟ್ರಾನ್ಸ್‌ಫರ್ ಕೇಸ್‌ನ ಕ್ಲಚ್ ಪ್ಲೇಟುಗಳು ನೇರ ರಸ್ತೆಯಲ್ಲೂ ಜಾರುತ್ತ ಉಜ್ಜಿಕೊಳ್ಳುತ್ತವೆ. ಎರಡು ಟೈರ್ ಮಾತ್ರ ಬೇರೆ ಬ್ರ್ಯಾಂಡಿನದು ಹಾಕಿಸಿದ್ದರೂ ಇದೇ ಕಥೆ. ಮುಂದಿನ-ಹಿಂದಿನ ಸವೆತದಲ್ಲಿ ಹೆಚ್ಚು ಅಂತರ ಇರಬಾರದು. ಪರೀಕ್ಷೆ ಸುಲಭ. ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಆಕ್ಸಿಲರೇಟರ್ ಮುಟ್ಟದೆ ನಿಧಾನಕ್ಕೆ ಎರಡು ಸುತ್ತು ಹೊಡೆಸಿ. ಗಾಡಿ ಹಿಡಿದು ಹಿಡಿದು ಬಿಟ್ಟಂತೆ ಜಗ್ಗಿದರೆ ಟೈರ್ ಮತ್ತು ಟ್ರಾನ್ಸ್‌ಫರ್ ಕೇಸ್ ಆಯಿಲ್ ಎರಡನ್ನೂ ಅನುಮಾನಿಸಿ. ಆಯಿಲ್ ಬದಲಿಸಿದರೆ ಹಲವು ಸಲ ಸರಿಹೋಗುತ್ತದೆ, ಹೋಗದಿದ್ದರೆ ಬಿಲ್ಲು ಲಕ್ಷಗಳಲ್ಲಿ.

ನೀರಿನಲ್ಲಿ ಮುಳುಗಿದ ಗಾಡಿಯ ಭಯ ಬೆಂಗಳೂರಿನವರಿಗೆ ಹೊಸದಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಭಾಗದಲ್ಲಿ, 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತಕ್ಕೆ ಚೆನ್ನೈನಲ್ಲಿ ದುಬಾರಿ ಕಾರುಗಳು ನೀರಲ್ಲಿ ನಿಂತಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ತುದಿಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿ. ಮುಂದಿನ ಸೀಟಿನ ಹಳಿಗಳ ಬೋಲ್ಟ್ ತುಕ್ಕು ಹಿಡಿದಿರಬಾರದು. ಡಿಕ್ಕಿಯ ನೆಲ ಎತ್ತಿ ಬ್ಯಾಟರಿ ಸುತ್ತಲಿನ ಮೂಲೆಗಳಿಗೆ ಬೆರಳು ಹಾಕಿ. ವಿಮೆಯ ಕಾಗದದಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಎಷ್ಟಿದೆ ಎಂದು ಓದಿ. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ 20, ಎರಡಕ್ಕೆ 25, ಮೂರಕ್ಕೆ 35. ಮೂರು ವರ್ಷದ ಗಾಡಿಯಲ್ಲಿ ಅದು ಸೊನ್ನೆ ಇದ್ದರೆ ಏನೋ ಆಗಿದೆ. ಏನು ಎಂದು ಕ್ಲೇಮಿನ ಬಿಲ್ಲನ್ನೇ ತೋರಿಸಲು ಹೇಳಿ.

ಬಣ್ಣದ ದಪ್ಪ ಅಳೆಯುವ ಮೀಟರಿನಲ್ಲಿ 100ರಿಂದ 150 ಮೈಕ್ರಾನ್ ಬಂದರೆ ಕಾರ್ಖಾನೆಯ ಬಣ್ಣ. ಕಲ್ಲು ಸಿಡಿದು ಮತ್ತೆ ಬಣ್ಣ ಹೊಡೆಸಿದ ಬಾನೆಟ್ ಸಮಸ್ಯೆಯಲ್ಲ. ಛಾವಣಿ, ಬಾಗಿಲ ಕಂಬಗಳಲ್ಲಿ 300 ದಾಟಿದರೆ ಅದು ದೊಡ್ಡ ಪೆಟ್ಟಿನ ಗುರುತು.

ಈ ವರ್ಗದ ಗಾಡಿಗೇ ವಿಶೇಷವಾದ ಅಪಾಯ ಟ್ಯೂನಿಂಗ್. ಬಿ58 ಸಾಫ್ಟ್‌ವೇರ್ ಬದಲಾವಣೆಗೆ ಸುಲಭವಾಗಿ ಒಲಿಯುತ್ತದೆ, ಶಕ್ತಿಯೂ ಏರುತ್ತದೆ. ಮಾರುವ ಮುನ್ನ ಮೂಲ ಸಾಫ್ಟ್‌ವೇರ್ ಹಾಕಿ ಏನೂ ಆಗಿಲ್ಲ ಎನ್ನುವವರಿದ್ದಾರೆ. ಎಂಜಿನ್ ಕಂಪ್ಯೂಟರಿನ ಪೆಟ್ಟಿಗೆಯ ಸ್ಕ್ರೂಗಳಲ್ಲಿ ಸ್ಪ್ಯಾನರಿನ ಗೀರು, ಅಂಟು ಕಿತ್ತ ಗುರುತು, ಟರ್ಬೊ ನಂತರದ ಪೈಪಿನ ಕ್ಲ್ಯಾಂಪ್ ಹೊಸದಾಗಿ ಹೊಳೆಯುವುದು, ಸೆನ್ಸರ್ ವೈರಿನ ಮೇಲೆ ಟೇಪು, ಇವು ಹೇಳಿಕೊಡುತ್ತವೆ. ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಡಯಾಗ್ನೊಸ್ಟಿಕ್ ಮಾಡಿಸಿದರೆ ದೋಷಗಳ ಸಂಗ್ರಹ, ಸರ್ವಿಸ್ ಚರಿತ್ರೆ ಸಿಗುತ್ತದೆ. ಓಡಿದ ಕಿ.ಮೀ. ಹಲವು ಮಾಡ್ಯೂಲ್‌ಗಳಲ್ಲಿ ಬೇರೆ ಬೇರೆ ದಾಖಲಾಗುವುದರಿಂದ ಮೀಟರ್ ತಿರುಗಿಸಿದ್ದರೆ ಅದೂ ಹೊರಬೀಳುತ್ತದೆ. ಮಾರುವವರು ಈ ತಪಾಸಣೆಗೆ ಒಪ್ಪದಿದ್ದರೆ ಮಾತು ಅಲ್ಲಿಗೇ ಮುಗಿಸಿ. ಕಂಪನಿಯದೇ ಪ್ರೀಮಿಯಂ ಸೆಲೆಕ್ಷನ್ ಗಾಡಿಗೆ ಎರಡು ಮೂರು ಲಕ್ಷ ಹೆಚ್ಚು ಕೇಳಿದರೂ, ವಾರಂಟಿ ಲಿಖಿತವಾಗಿ ಬರುವುದಾದರೆ ಕೊಡಬಹುದು.

ಬೇರೆ ಗಾಡಿಗಳ ಮಾತು ಚುಟುಕಾಗಿ. ಎಎಂಜಿ ಎ35 ಕೂಡ ಇಲ್ಲೇ ಜೋಡಣೆಯಾದದ್ದು, 306 ಎಚ್‌ಪಿ, ಆದರೆ ನಡಿಗೆ ಬಿರುಸು, ಹಿಂದಿನ ಸೀಟು ಇಕ್ಕಟ್ಟು. ಆಡಿ ಎಸ್5 ಆರು ಸಿಲಿಂಡರಿನ ಚೆಲುವೆ, ಪೂರ್ತಿ ಆಮದಾದ್ದರಿಂದ ಬಾಡಿ ಭಾಗಗಳಿಗೆ ಕಾಯಬೇಕಾದೀತು. 2025ರಲ್ಲಿ ಬಂದ ಗಾಲ್ಫ್ ಜಿಟಿಐ, ಆಕ್ಟೇವಿಯಾ ಆರ್‌ಎಸ್ ಎರಡೂ 265 ಪಿಎಸ್, 50 ಲಕ್ಷದ ಆಸುಪಾಸಿನ ಎಕ್ಸ್-ಶೋರೂಂ ಬೆಲೆಯವು, ಎಣಿಸಿದಷ್ಟೇ ಬಂದವು. ವಾರಂಟಿಯ ನೆಮ್ಮದಿಯೇ ಮುಖ್ಯವೆನ್ನುವವರಿಗೆ ಆಕ್ಟೇವಿಯಾ ಒಳ್ಳೆಯದು, ಡಿಕ್ಕಿಯೂ ಬಲು ದೊಡ್ಡದು. ಓಡಿಸುವ ಸುಖಕ್ಕೆ ಎಂ340ಐ ಇವೆಲ್ಲಕ್ಕಿಂತ ಒಂದು ಮೆಟ್ಟಿಲು ಮೇಲೆ.

ವ್ಯವಹಾರ ಕುದುರಿದ ಮೇಲೆ ಹಣ ಬ್ಯಾಂಕಿನ ಮೂಲಕವೇ ಹೋಗಲಿ. 2 ಲಕ್ಷ ಅಥವಾ ಹೆಚ್ಚಿನ ನಗದು ಪಡೆಯುವುದು ಕಾನೂನಿಗೆ ವಿರುದ್ಧ. ಸಾಲದ ಮೇಲೆ ಕೊಂಡ ಗಾಡಿಯಾದರೆ ಸಾಲ ತೀರಿದೆ ಎನ್ನುವ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಸಲ್ಲಿಸಿ ಆರ್‌ಸಿಯಿಂದ ಸಾಲದ ನಮೂದು ತೆಗೆಸಿದ ಮೇಲೆಯೇ ಪೂರ್ತಿ ಹಣ ಕೊಡಿ. ಹೆಸರು ಬದಲಿಗೆ ಫಾರಂ 29 ಮತ್ತು 30. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ, ನೋ ಕ್ಲೇಮ್ ಬೋನಸ್ ಹಳೆಯ ಓನರಿಗೇ ಸೇರುವುದರಿಂದ ಪ್ರೀಮಿಯಂ ಏರುತ್ತದೆ. ಭಾಗಗಳ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಝೀರೊ ಡೆಪ್ರಿಸಿಯೇಶನ್ ಜೊತೆ ಎಂಜಿನ್ ಪ್ರೊಟೆಕ್ಟ್ ಬಿಡಬೇಡಿ. ನೀರು ಹೊಕ್ಕು ಎಂಜಿನ್ ಹಿಡಿದುಕೊಂಡರೆ ಸಾಮಾನ್ಯ ಪಾಲಿಸಿ ಕೈಕೊಡುತ್ತದೆ.

ಮನೆಗೆ ಬಂದ ಮೊದಲ ವಾರವೇ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಆರೂವರೆ ಲೀಟರ್ ಹಿಡಿಯುತ್ತದೆ. ಪರದೆ ಇನ್ನೂ ಸಮಯವಿದೆ ಎಂದರೂ ನಮ್ಮ ಬಿಸಿಲು, ಟ್ರಾಫಿಕ್ಕಿಗೆ 8,000 ಕಿ.ಮೀ.ಗೊಮ್ಮೆ ಬದಲಿಸುವುದೇ ಲೇಸು. ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ. ಗೇರ್‌ಬಾಕ್ಸ್ ಆಯಿಲ್ ಜೀವಮಾನವಿಡೀ ಬರುತ್ತದೆ ಎಂಬ ಮಾತು ನಂಬಬೇಡಿ. ಗೇರ್‌ಬಾಕ್ಸ್ ಮಾಡಿದ ಜೆಡ್‌ಎಫ್‌ನದೇ ಸಲಹೆ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಎನ್ನುತ್ತದೆ. ಪೆಟ್ರೋಲ್ ಮುಚ್ಚಳದ ಒಳಗಿನ ಚೀಟಿಯಲ್ಲಿ ಎಷ್ಟು ಎಥೆನಾಲ್‌ವರೆಗೆ ಹೊಂದುತ್ತದೆ ಎಂದಿರುತ್ತದೆ, ಅದನ್ನು ಓದಿ ಬಂಕ್ ಆರಿಸಿ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ 100, ಕ್ಯಾಮೆರಾ ಸಾಲಾಗಿವೆ. ರಾಜ್ಯದಲ್ಲಿ 130 ದಾಟಿದವರ ಮೇಲೆ 2024ರ ಆಗಸ್ಟ್‌ನಿಂದ ಎಫ್‌ಐಆರ್ ಹಾಕುತ್ತಿದ್ದಾರೆ, ಈ ಗಾಡಿಗೆ ಆ ವೇಗ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ.

ಎರಡನೇ ಕೀ ಕೈಗೆ ಬಂದಿದೆಯೇ ನೋಡಿಕೊಳ್ಳಿ. ಹಳೆಯ ಓನರ್ ತನ್ನ ಫೋನಿನ ಮೈ ಬಿಎಂಡಬ್ಲ್ಯು ಆ್ಯಪ್‌ನಿಂದ ಈ ಗಾಡಿಯನ್ನು ತೆಗೆದದ್ದನ್ನು ನಿಮ್ಮ ಕಣ್ಣೆದುರೇ ಮಾಡಿಸಿ. ಇಲ್ಲದಿದ್ದರೆ ನೀವು ಮಲಗಿರುವಾಗಲೂ ನಿಮ್ಮ ಕಾರು ಎಲ್ಲಿದೆ ಎಂದು ನೋಡಲು, ಬಾಗಿಲು ತೆಗೆಯಲು ಅವರಿಗೆ ಆಗುತ್ತಲೇ ಇರುತ್ತದೆ.